ನೀಲವ್ವನ ಉಲ್ಕೆಕಲ್ಲು

ಒಂದು ಕಿಲೋ ಬೆಲ್ಲ ಕೊಟ್ಟು ಒಂದು ಕಲ್ಲು ಕೊಳ್ಳುವುದು, ಇಷ್ಟೇ ನನ್ನ ವ್ಯವಹಾರ. ಹಿಂದಿನ ದಿನ ಅದು ಆಕಾಶದಿಂದ ನೀಲವ್ವನ ಮೆಣಸಿನಕಾಯಿ ಕಣಕ್ಕೆ ಬಿದ್ದಿತ್ತು. ಅವಳು ಅದನ್ನು ನನ್ನ ಅಂಗಡಿಗೆ ತಂದಾಗಲೇ ಅದರ ಬೆಲೆ ನನಗೆ ಗೊತ್ತಿತ್ತು. "ಸುಟ್ಟ ಇಟ್ಟಂಗಿ ಅದು, ಇಟ್ಟು ಹೋಗು," ಎಂದು ಗದರಿಸಿ ಬೆಲ್ಲ ತೂಗಿಕೊಟ್ಟೆ.

ಅಷ್ಟರಲ್ಲಿ ಕಲ್ಲು ಹುಡುಕುತ್ತ ಭೂವಿಜ್ಞಾನಿಯೊಬ್ಬರು ಅಂಗಡಿಗೇ ಬಂದರು. "ಉಲ್ಕೆಯಾದರೆ ಕಬ್ಬಿಣ ಇರುತ್ತದೆ. ಅಯಸ್ಕಾಂತ ಇದೆಯೇ?"

"ಇಲ್ರಿ," ಎಂದೆ.

"ಐತಲ್ರಿ ಸಾವ್ಕಾರ್ರ," ಎಂದಳು ನೀಲವ್ವ ಮೆಲ್ಲಗೆ. "ತಕ್ಕಡಿ ತಟ್ಟಿ ಕೆಳಗ."

ಅವರು ಅದನ್ನು ಕಿತ್ತು ಹಿಡಿದರು. ಕಲ್ಲಿಗೆ ಕಚ್ಚಿಕೊಂಡಿತು. "ಉಲ್ಕಾಶಿಲೆ. ಯಾವ ವರ್ಗದ್ದೆಂದು ಪ್ರಯೋಗಾಲಯ ಹೇಳುತ್ತದೆ," ಎಂದು, ಒಡತಿಯ ಹೆಸರು ನೀಲವ್ವ ಎಂದೇ ಬರೆದುಕೊಂಡರು. ಗಿರಾಕಿಗಳೆದುರು ನನ್ನ ತಲೆ ಮೇಲೇಳಲಿಲ್ಲ.

ನೀಲವ್ವ ಬೆಲ್ಲ ಮರಳಿಸಿದಳು. "ಈಗ ತೂಗಿ ತಗೋರಿ."

ತೂಗಿದೆ. ನನಗೆ ದಕ್ಕಿದ್ದು ಒಂಬೈನೂರು ಗ್ರಾಂ.