ಸುದ್ದಿಯ ಬಾಗಿಲು

"ಗುರುಗಳೇ, ನನ್ನ ರಕ್ತದಲ್ಲಿ ಎಚ್‌ಐವಿ ಈಗ ಕಾಣುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೈಯೂ ಗಟ್ಟಿಯಾಗಿದೆ. ಇನ್ನು ಗುಳಿಗೆ ನಿಲ್ಲಿಸಲೇ?" ಎಂದು ಭರಮಣ್ಣ ಕೇಳಿದ. ಸಾವಿನ ಹತ್ತಿರ ಹೋಗಿ, ಗುಳಿಗೆಯಿಂದಲೇ ತಿರುಗಿ ಬಂದ ಶಿಷ್ಯ ಅವನು.

ರುದ್ರಯ್ಯನವರು ಅವನ ಮುಖವನ್ನೇ ನೋಡಿದರು. "ಕಾಣದಿದ್ದರೆ ಇಲ್ಲ ಅಂತಲೋ? ಭೇಷ್ ಕಣಪ್ಪ. ಕೂತುಕೋ" ಎಂದು ಶುರು ಮಾಡಿದರು.

ಒಂದು ಕೋಟೆ. ಕಾವಲಿನವರಿಗೆ ಒಬ್ಬೊಬ್ಬರಿಗೂ ಒಂದೊಂದು ಕೋಣೆ, ಕೋಣೆಗೂ ಕೋಣೆಗೂ ನಡುವೆ ಬಾಗಿಲು. ಸುದ್ದಿ ಹೇಳುವಾಗ ಆ ಬಾಗಿಲು ತೆರೆದು, ಪಕ್ಕದವನ ಕೈ ಹಿಡಿದು ಹೇಳಬೇಕು. ಇನ್ನೊಂದು ಪದ್ಧತಿಯೂ ಇತ್ತು. ಗಡಿ ತಿರುಗುವವನಿಗೆ ಕಳ್ಳ ಸಿಕ್ಕರೆ ಅವನನ್ನು ಕಾವಲಿನವರ ಹತ್ತಿರ ಎಳೆದು ತಂದು, "ಈ ಮುಖ ನೆನಪಿಟ್ಟುಕೊಳ್ಳಿ" ಎಂದು ತೋರಿಸಬೇಕು. ಹೀಗೆ ನಡೆದುಕೊಂಡೇ ಕೋಟೆ ತಲೆಮಾರುಗಟ್ಟಲೆ ಉಳಿದಿತ್ತು.

ಒಬ್ಬ ಕಳ್ಳ ಇದನ್ನು ಅರಿತುಕೊಂಡ. ಗೋಡೆ ಹತ್ತುವ ಗೋಜಿಗೆ ಹೋಗಲಿಲ್ಲ. ಬೇಕೆಂದೇ ಗಡಿಯಲ್ಲಿ ಸಿಕ್ಕಿಬಿದ್ದ. ಮುಖ ನೋಡಲು ಬಾಗಿಲು ತೆರೆದ ಕಾವಲಿನವನ ಕೈ ಹಿಡಿದು ಅವನ ಕೋಣೆಯೊಳಗೇ ನುಗ್ಗಿಬಿಟ್ಟ. ಅವನ ಅನ್ನ ಉಂಡು ಅಲ್ಲೇ ತನ್ನ ಸಂತಾನ ಬೆಳೆಸಿದ. ಪಕ್ಕದವನಿಗೆ ಸುದ್ದಿ ಹೇಳಲು ನಡುಬಾಗಿಲು ತೆರೆದಾಗಲೆಲ್ಲ ಕಳ್ಳರು ಅತ್ತ ದಾಟಿದರು. ಅಂಗಳಕ್ಕೆ ಇಳಿದವರು ಕಡಿಮೆ. ಬುರುಜಿನ ಮೇಲೆ ಬಾಣ ಹೂಡಿ ನಿಂತವರಿಗೆ ಕಾದದ್ದೇ ಬಂತು.

ಕೋಟೆಯ ನಾಯಕನಿಗೆ ಅನುಮಾನ ಬಂತು. ನಗಾರಿ ಹೊಡೆಸಿದ. ಅಲ್ಲೇ ಕೆಟ್ಟಿತು. ಏನಾಯಿತೆಂದು ಕೇಳಲು ಕಾವಲಿನವರೆಲ್ಲ ಒಟ್ಟಿಗೇ ನಡುಬಾಗಿಲು ತೆರೆದರು. ಕಳ್ಳರು ಕೋಣೆ ಕೋಣೆಗೂ ನುಗ್ಗಿದರು. ಸಂಜೆಯ ಹೊತ್ತಿಗೆ ಅರ್ಧ ಕಾವಲೇ ಸತ್ತು ಬಿದ್ದಿತ್ತು. ಕೂಗಿದರೆ ಇನ್ನಷ್ಟು ಬಾಗಿಲು ತೆರೆಯುತ್ತವೆ, ಸುಮ್ಮನಿದ್ದರೆ ಕೋಟೆ ಹೋಗುತ್ತದೆ.

ಕಡೆಗೆ ನಾಯಕ ಒಂದೊಂದು ನಡುಬಾಗಿಲಿಗೂ ಅಗುಳಿ ಹಾಕಿಸಿದ. ದಿನವೂ ಅದನ್ನು ಬಿಗಿಮಾಡಲು ಒಬ್ಬ ಆಳನ್ನು ನೇಮಿಸಿದ. ಕಳ್ಳರು ದಾಟಲಾರದೆ ಹೋದರು. ಬಹಳ ಮಂದಿ ಒಳಗೇ ಸತ್ತರು. ಕೆಲವರು ಮಾತ್ರ ಉಸಿರು ಬಿಗಿಹಿಡಿದು ಮಲಗಿಕೊಂಡರು. ಹೊಸ ಕಾವಲಿನವರು ಬಂದರು, ಕೋಟೆ ಚೇತರಿಸಿಕೊಂಡಿತು. ಎಷ್ಟೋ ಕಾಲವಾದ ಮೇಲೆ ಅಗುಳಿಯ ಆಳು ನಾಯಕನ ಮುಂದೆ ನಿಂತು, "ಒಡೆಯಾ, ಕಳ್ಳರ ಸುಳಿವೇ ಇಲ್ಲ. ಇನ್ನು ಅಗುಳಿ ತೆಗೆಯಲೇ?" ಎಂದು ಕೇಳಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಭರಮಣ್ಣ ಗುರುಗಳ ಮುಖ ನೋಡುವ ಧೈರ್ಯವಾಗದೆ ನೆಲ ನೋಡುತ್ತಾ, "ನಾಯಕ ಏನೆಂದ?" ಎಂದು ಕೇಳಿದ.

"ಆ ಆಳು ಅಗುಳಿ ತೆಗೆದೇ ಬಂದು ಕೇಳುತ್ತಿದ್ದ. ನೀನು ಗುಳಿಗೆ ಬಿಟ್ಟು ಎಷ್ಟು ದಿನವಾಯಿತು, ಮಗನೇ?"