ಹೊರಗಿನವಳ ಸೀಟು

ಬೀದರ್ ಜಿಲ್ಲೆಯ ಗಡಿಯಂಚಿನ ಒಂದು ಹಳ್ಳಿಯಲ್ಲಿ ನೀಲಾಂಬಿಕಾ ಎಂಬ ಹುಡುಗಿ ಇದ್ದಳು. ಅವಳ ತಾಯಿ ಕಾಶಮ್ಮನಿಗೆ ಒಮ್ಮೆ ಹಲ್ಲುನೋವು ಬಂತು. ಲವಂಗ ಕಚ್ಚಿಕೊಂಡು ತಡೆದು ತಡೆದು, ಕಡೆಗೆ ದವಡೆ ಬಾತು ನೀರು ಕುಡಿಯುವುದೂ ಕಷ್ಟವಾಯಿತು. ಗಡಿಯಾಚೆ ಜಹೀರಾಬಾದಿನ ಒಬ್ಬ ದಂತವೈದ್ಯೆ ಗುಣಪಡಿಸಿದರು. ತಾನೂ ಅಂಥ ಡಾಕ್ಟರ್ ಆಗಬೇಕೆಂದು ನೀಲಾಂಬಿಕಾ ಆಗಲೇ ನಿಶ್ಚಯಿಸಿದಳು.

ಅವಳ ಅಂಕಕ್ಕೆ ಕರ್ನಾಟಕದಲ್ಲಿ ಸೀಟು ಸಿಗಲಿಲ್ಲ. ಪಕ್ಕದ ರಾಜ್ಯದ ಡೆಂಟಲ್ ಕಾಲೇಜುಗಳಿಗೆ ಅರ್ಜಿ ಹಾಕಿದಳು. ಅಲ್ಲಿ ಬಹುಪಾಲು ಸೀಟು ಆ ರಾಜ್ಯದ ಮಕ್ಕಳಿಗೇ ಮೀಸಲು, ಹೊರಗಿನವರಿಗೆ ಇರುವುದು ತೀರಾ ಕಡಿಮೆ.

ಜಹೀರಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವ ವೈಜನಾಥ ಒಂದು ದಾರಿ ಹುಡುಕಿದ. "ನಮ್ಮ ಮನ್ಯಾಗ ಇದ್ದು ಓದ್ಯಾಳ ಅಂತ ಸರ್ಟಿಫಿಕೇಟ್ ಮಾಡಿಸ್ತೀನಿ. ಇಲ್ಲಿಯವರ ಲೆಕ್ಕದಾಗ ಸೀಟು ಖಾತ್ರಿ. ಯಾರಿಗೇನು ಗೊತ್ತಾಗ್ತದ?"

ನೀಲಾಂಬಿಕಾ ಬೇಡ ಎನ್ನಲಿಲ್ಲ. ಅವಳಿಗೆ ಸೀಟು ಬೇಕಿತ್ತು.

ದಾಖಲೆ ಪರಿಶೀಲನೆಯ ದಿನ ಮಾವನ ಜೊತೆ ಹೈದರಾಬಾದಿಗೆ ಹೋದಳು. ಅಲ್ಲಿನ ಸಭಾಂಗಣದಲ್ಲಿ ಪಕ್ಕದ ಕುರ್ಚಿಯಲ್ಲಿ ಶ್ರಾವಣಿ ಎಂಬ ಅಲ್ಲಿಯ ಹುಡುಗಿ ಕೂತಿದ್ದಳು. ಹರಕುಮುರುಕು ಹಿಂದಿಯಲ್ಲಿ ಮಾತು ಶುರುವಾಯಿತು.

"ಇಲ್ಲಿಯವರ ಸೀಟಿನಲ್ಲಿ ನಂದು ಕೊನೇ ಅಂಚು," ಎಂದಳು ಶ್ರಾವಣಿ. "ನನಗಿಂತ ಅಂಕ ಜಾಸ್ತಿ ಇರೋರು ಇನ್ನೊಬ್ಬರು ಸೇರಿದರೂ ನಂಗಿಲ್ಲ."

ನೀಲಾಂಬಿಕಾ ಅವಳ ಅಂಕ ಎಷ್ಟೆಂದು ಕೇಳಿದಳು. ತನ್ನದು ಅದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಎದ್ದು ಹೊರಗೆ ನಿಂತಿದ್ದ ಮಾವನ ಹತ್ತಿರ ಬಂದಳು.

"ಆ ಸರ್ಟಿಫಿಕೇಟ್ ಬೇಡ ಮಾಮಾ. ಹೊರಗಿನವಳು ಅಂತನೇ ಹೇಳ್ತೀನಿ."

"ತಲಿ ಕೆಟ್ಟದೇನು ನಿಂದು? ಆ ಹುಡುಗಿ ನಿನಗೇನಾಗಬೇಕು?"

"ಏನೂ ಆಗಬೇಕಾಗಿಲ್ಲ. ಆದರ ಅಕಿ ಸೀಟು ಕಸಗೊಂಡು ನಾ ಹೆಂಗ ಓದಲಿ?"

ಮಾವ ಅವಳನ್ನು ಅಲ್ಲೇ ಬಿಟ್ಟು ಬಸ್ ಹತ್ತಿ ಹೋದ. ಅವಳು ಒಳಗೆ ಹೋಗಿ ತನ್ನ ಊರು ಬೀದರ್ ಜಿಲ್ಲೆ ಎಂದೇ ಹೇಳಿದಳು. ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಅವಳಿಗೆ ಸಿಗಲಿಲ್ಲ. ಮುಂದಿನ ಸುತ್ತಿನಲ್ಲೂ ಸಿಗಲಿಲ್ಲ. ಮನೆಗೆ ಬಂದು ತಾಯಿಯ ಮಡಿಲಲ್ಲಿ ಅತ್ತಳು.

ಕಡೆಯ ಸುತ್ತಿನಲ್ಲಿ ಯಾರೋ ಬಿಟ್ಟ, ಹೊರರಾಜ್ಯದವರ ಒಂದು ಸೀಟು ಅವಳ ಪಾಲಿಗೆ ಬಂತು. ಹೈದರಾಬಾದಿನಲ್ಲಲ್ಲ, ಇನ್ನೂ ದೂರದ ಒಂದು ಊರಿನಲ್ಲಿ. ರೋಗಿಗಳು ಹೇಳುವ ನೋವು ತಿಳಿಯಲೆಂದು ಅವಳು ತೆಲುಗು ಕಲಿಯತೊಡಗಿದಳು.

ಅವಳ ತರಗತಿಯಲ್ಲಿ, ತಾನು ಇಲ್ಲಿಯವನೇ ಎಂದು ಸುಳ್ಳು ದಾಖಲೆ ಕೊಟ್ಟು ಸೇರಿದ್ದ ಒಬ್ಬ ಹುಡುಗನಿದ್ದ. ಯಾರಾದರೂ ಊರು ಯಾವುದೆಂದು ಕೇಳಿದರೆ ಮಾತು ಬದಲಿಸುತ್ತಿದ್ದ. ಹಾಸ್ಟೆಲ್ಲಿಗೆ ಬರಬೇಡಿ ಎಂದು ಮನೆಯವರಿಗೆ ಹೇಳಿಟ್ಟಿದ್ದ.

ಒಂದು ಭಾನುವಾರ ಕಾಶಮ್ಮ ಜೋಳದ ರೊಟ್ಟಿಯ ಗಂಟು ಹಿಡಿದು ಹಾಸ್ಟೆಲ್ ಗೇಟಿಗೆ ಬಂದಳು. ಕಾವಲುಗಾರನಿಗೆ ಅವಳ ಮಾತು ತಿಳಿಯಲಿಲ್ಲ. ಗಲಾಟೆ ಕೇಳಿ ಹುಡುಗಿಯರೆಲ್ಲ ಬಂದು ನಿಂತರು. ನೀಲಾಂಬಿಕಾ ಓಡಿ ಬಂದು ತಾಯಿಯ ಕೈ ಹಿಡಿದುಕೊಂಡಳು.

"ನಮ್ಮವ್ವ," ಎಂದಳು ಎಲ್ಲರಿಗೂ ಕೇಳುವಂತೆ, ಹೊಸದಾಗಿ ಕಲಿತ ತೆಲುಗಿನಲ್ಲಿ. "ನಮ್ಮೂರಿಂದ ಬಂದಿದ್ದಾಳೆ."

ನೀತಿ: ಇನ್ನೊಬ್ಬರ ಪಾಲನ್ನು ಸುಳ್ಳು ಹೇಳಿ ಪಡೆದವನು ತನ್ನ ಊರನ್ನೂ ತನ್ನವರನ್ನೂ ಬಚ್ಚಿಡಬೇಕಾಗುತ್ತದೆ. ತಡವಾಗಿ ಸಿಕ್ಕರೂ ನಿಜ ಹೇಳಿ ಪಡೆದದ್ದೇ ನಮ್ಮದು.