ಗಿಳಿಗೆ ಹಿಡಿದದ್ದು ಮೂರೇ ದಿನ

ನಿವೃತ್ತ ಮಾಮಲೇದಾರ ದೇಸಾಯರು ಕಟ್ಟೆಯ ಮೇಲೆ ಕುಳಿತೇ ಇಡೀ ಮನೆ ನಡೆಸುತ್ತಿದ್ದರು. ಏನು ಬೇಕಾದರೂ ಅಲ್ಲಿಂದಲೇ ಗುಡುಗು. ಪಕ್ಕದ ಪಂಜರದ ಗಿಳಿಯೂ ಅದನ್ನೇ ಕಲಿಯಿತು. ದಿನವಿಡೀ "ಬಸಲಿಂಗವ್ವಾ, ಚಹಾ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು.

ಒಂದು ದಿನ ದೇಸಾಯರು ಅಡುಗೆಯ ಬಸಲಿಂಗವ್ವನನ್ನು ಕರೆದರು.

"ಎಂಟ ದಿವಸದಾಗ ಇದರ ಕಿರುಚಾಟ ನಿಲ್ಲಬೇಕು. ಇಲ್ಲಾಂದ್ರ ನೀ ಬ್ಯಾರೆ ಮನಿ ನೋಡ್ಕೊ!"

"ಆತ್ರೀ ಸಾಹೇಬ್ರ," ಎಂದಳು. ಇಪ್ಪತ್ತು ವರ್ಷದ ಕೆಲಸ ಬಿಡುವ ಮನಸ್ಸು ಆಕೆಗಿರಲಿಲ್ಲ.

ಮರುದಿನ ಗಿಳಿ ಕಿರುಚಿತು. ಆಕೆ ತಿರುಗಿಯೂ ನೋಡಲಿಲ್ಲ. ಅದು ದಣಿದು ಮೆಲ್ಲಗೆ ಗೊಣಗಿದಾಗ ಓಡಿಹೋಗಿ ಪೇರಲ ಹಣ್ಣಿನ ಹೋಳು ಕೊಟ್ಟಳು. ಆಮೇಲೆ ದೇಸಾಯರು ಕಿರುಚಿದರು. ಆಗಲೂ ಆಕೆ ಒಲೆಯ ಮುಂದಿನಿಂದ ಏಳಲಿಲ್ಲ.

ದೇಸಾಯರು ಮುಖ ಕೆಂಪಗೆ ಮಾಡಿಕೊಂಡು ಅಡುಗೆಮನೆಗೇ ಬಂದರು. "ಕಿವಿ ಕೇಳಂಗಿಲ್ಲೇನು ನಿನಗ?"

"ಚೊಲೋ ಕೇಳತಾವ್ರೀ. ಆದರ ನೀವು ಒದರಿದ ಕೂಡಲೆ ನಾ ಚಹಾ ತಂದ್ರ, ಒದರಿದ್ರ ಸಿಗತೈತಿ ಅಂತ ಗಿಳಿ ತಿಳಕೋತೈತ್ರಿ. ಅದನ್ನ ಸುಮ್ಮನಾಗಸು ಅಂತ ಹುಕುಂ ನಿಮ್ಮದ ಅಲ್ರೀ?"

ತಾವೇ ಕೊಟ್ಟ ಹುಕುಮನ್ನು ತಾವೇ ಮುರಿಯುವುದು ಹೇಗೆ? ದೇಸಾಯರು ಕಟ್ಟೆಗೆ ಹಿಂತಿರುಗಿದರು.

ಎಂಟನೆಯ ದಿನ ಕಟ್ಟೆಯಿಂದ ಮೆಲುದನಿ ಕೇಳಿತು. "ಬಸಲಿಂಗವ್ವ, ಒಂದೀಟ ಚಹಾ ತರ್ತೀಯೇನವಾ?"

ಆಕೆ ಕೂಡಲೇ ತಂದಳು.

"ನೋಡಿದೇನ, ಎಂಟ ದಿವಸದಾಗ ಗಿಳಿ ಹೆಂಗ ಶಾಣ್ಯಾ ಆತು!" ಎಂದು ದೇಸಾಯರು ಮೀಸೆ ತಿರುವಿದರು.

"ಗಿಳಿ ಮೂರ ದಿವಸಕ್ಕ ಶಾಣ್ಯಾ ಆತ್ರೀ ಸಾಹೇಬ್ರ," ಎಂದು ಬಸಲಿಂಗವ್ವ ಕಪ್ಪನ್ನು ಮುಂದಿಟ್ಟಳು. "ಉಳಿದ ಐದ ದಿವಸ ನಿಮಗ ಹಿಡೀತು."